ಬಾಸೆಲ್ ಮಿಶನ್ ಕುಟುಂಬಗಳು: ಹೆಂಗಸರು, ಮಕ್ಕಳು, ಸೆಮಿನರಿ ಹುಡುಗರ ಬಗ್ಗೆ ಗೊತ್ತಿದ್ದವ್ರು ಹೇಳಿ

ಬಲ್ಮಠ_ಗುಡ್ಡೆ:
ಎಲ್ರಿಗೂ ನಮಸ್ಕಾರ. ನಮ್ಮ ಸಭೆಯ (ಚರ್ಚಿನ) ಸ್ತ್ರೀ ಸಮಾಜದಲ್ಲಿ ಒಂದು ಕಾರ್ಯಕ್ರಮ ಉಂಟು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಕಳಿಸಿದ ಹಳೇ ಕ್ರೈಸ್ತ ಮಿಶನರಿಗಳ ಬಗ್ಗೆ ನೀನೇ ಮಾತಾಡು ಅಂತ ನನಗೆ ಒಪ್ಪಿಸಿದ್ದಾರೆ. ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದದ್ದು, ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು, ಇದೆಲ್ಲ ಶಾಲೆ ಮಕ್ಕಳಿಗೂ ಗೊತ್ತುಂಟು ಮಾರಾಯ್ರೆ, ಪ್ರತಿ ಸಲ ಸಭೆಯ ವಾರ್ಷಿಕೋತ್ಸವದಲ್ಲಿ ಅದನ್ನೇ ಹೇಳ್ತಾರೆ. ನನಗೆ ಬೇಕಾದ್ದು ಬೇರೆ. ಇವರೆಲ್ಲ ಸಂಸಾರ ಕಟ್ಟಿಕೊಂಡು ಇಲ್ಲಿದ್ದವರು ಅಲ್ವಾ, ಆ ಹೆಂಡಂದಿರು ಯಾರು, ಹೇಗೆ ಬಂದ್ರು, ಮಕ್ಕಳನ್ನ ಎಲ್ಲಿ ಸಾಕಿದ್ರು, ಮನೆಯಲ್ಲೇ ಇಟ್ಟು ಓದಿಸ್ತಿದ್ದ ಸೆಮಿನರಿ (ಪಾದ್ರಿ, ಉಪದೇಶಿಗಳ ತರಬೇತಿ ಶಾಲೆ) ಹುಡುಗರು ಮುಂದೆ ಏನಾದ್ರು? ಕೇಳೋಕೆ ಕೂತವರೆಲ್ಲ ಅಮ್ಮಂದಿರು, ಅಜ್ಜಿಯಂದಿರು, ಅವರಿಗೆ ಬರೀ ಇಸವಿ ಹೇಳಿ ಕೂರಿಸೋಕೆ ನನಗೆ ಮನಸ್ಸಿಲ್ಲ.

ಹಳೆ_ಕಡತ:
ಒಳ್ಳೆ ಪ್ರಶ್ನೆ ಮಗಳೇ. ನಾನು ರಿಟೈರ್ ಆದ ಮೇಲೆ ಈ ವಿಷಯ ಓದ್ತಾ ಇದ್ದೀನಿ, ಗೊತ್ತಿದ್ದಷ್ಟು ಹೇಳ್ತೀನಿ. 1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೇನರ್, ಗ್ರೈನರ್ ಮೂವರು ಕಲ್ಲಿಕೋಟೆಯಲ್ಲಿ ಹಡಗು ಇಳಿದು ಮಂಗಳೂರಿಗೆ ಬಂದಾಗ ಯಾರ ಜೊತೆಗೂ ಸಂಸಾರ ಇರಲಿಲ್ಲ. ಹಿಂದಿನ ವರ್ಷ ಬ್ರಿಟಿಷರು ತಂದ ಚಾರ್ಟರ್ ಕಾನೂನು ಆದ ಮೇಲಷ್ಟೇ ಇಂಗ್ಲಿಷರಲ್ಲದ ಮಿಶನರಿಗಳಿಗೆ ಇಲ್ಲಿ ಬಾಗಿಲು ತೆರೆದಿದ್ದು.

ಮದುವೆ ವಿಷಯದಲ್ಲಿ ಬಾಸೆಲ್‌ನಲ್ಲಿದ್ದ ಕಮಿಟಿ ಭಾಳ ಬಿಗಿ. ಮದುವೆ ಆಗಬೇಕು ಅಂದ್ರೆ ಕೆಲವು ವರ್ಷ ಕೆಲಸ ಮಾಡಿ ತೋರಿಸಿ, ಆಮೇಲೆ ಕಮಿಟಿಗೆ ಅರ್ಜಿ ಬರೆದು, ಅವರು ಒಪ್ಪಿದ ಮೇಲೇ ಹುಡುಗಿ ನೋಡೋದು. ಎಷ್ಟೋ ಸಲ ಹುಡುಗಿಯನ್ನ ಹುಡುಕ್ತಿದ್ದೂ ಕಮಿಟಿಯವರೇ ಅಥವಾ ಊರಿನ ಪಾದ್ರಿಗಳು. ಆ ಹುಡುಗಿ ಜರ್ಮನಿಯ ವುರ್ಟೆಂಬರ್ಗ್‌ನ ಯಾವುದೋ ಹಳ್ಳಿಯಿಂದ ಹೊರಟು, ಮುಖವನ್ನೇ ನೋಡದ ಗಂಡನಿಗಾಗಿ ತಿಂಗಳುಗಟ್ಟಲೆ ಸಮುದ್ರದಲ್ಲಿ ಬಂದು, ಇಲ್ಲಿ ಇಳಿದ ಸ್ವಲ್ಪ ದಿನದಲ್ಲೇ ಮದುವೆ. ಹಡಗಿನ ದಾರಿ ಹತ್ತಿರ ಮಾಡಿದ ಸೂಯೆಜ್ ಕಾಲುವೆ ತೆರೆದಿದ್ದೇ 1869ರಲ್ಲಿ. ಇವರನ್ನ ಜರ್ಮನಿಯಲ್ಲಿ ಮಿಶನ್ ವಧುಗಳು ಅಂತ ಕರೀತಾರೆ. ಬಂದ ಮೇಲೆ ಅವರಿಗೆ ಸಂಬಳವೂ ಇಲ್ಲ, ಹುದ್ದೆಯೂ ಇಲ್ಲ. ಹೆಣ್ಣುಮಕ್ಕಳ ಶಾಲೆ, ಹಾಸ್ಟೆಲ್ಲು, ಹೊಲಿಗೆ ಪಾಠ, ರೋಗಿಗಳ ಆರೈಕೆ ಎಲ್ಲಾ ಅವರ ತಲೆ ಮೇಲೇ. ವರದಿ ಬರೆದು ಬಾಸೆಲ್‌ಗೆ ಕಳಿಸ್ತಿದ್ದಿದ್ದು ಮಾತ್ರ ಗಂಡ, ಅದಕ್ಕೇ ಪುಸ್ತಕದಲ್ಲಿ ಅವನ ಹೆಸರೇ ಉಳಿದಿರೋದು.

ಬಲ್ಮಠ_ಗುಡ್ಡೆ:
ಅಯ್ಯೋ ದೇವರೇ, ಮುಖ ನೋಡದೆ! ಸರ್ ಒಂದೆರಡು ಹೆಸರು ಕೊಡಿ, ಹೆಸರಿಲ್ಲದೆ ಹೇಳಿದ್ರೆ ಅಜ್ಜಿಯರಿಗೆ ಮನಸ್ಸಿಗೆ ನಾಟುವುದಿಲ್ಲ.

ಹಳೆ_ಕಡತ:
ಪೌಲೀನೆ ಅನ್ನೋ ಹೆಸರು ಬರ್ಕೋ, ಎರಡು ಸಲ. ಒಬ್ಬರು ಗೊಟ್‌ಫ್ರೀಡ್ ವೈಗ್ಲೆ ಅವರ ಹೆಂಡತಿ. ವೈಗ್ಲೆ ಅಂದ್ರೆ ಕನ್ನಡ ಸತ್ಯವೇದದ (ಬೈಬಲ್) ಭಾಷಾಂತರವನ್ನ ತಿದ್ದಿ ಬರೆಯೋ ಕೆಲಸಕ್ಕೆ ಕೂತವರು, ಮೊಗ್ಲಿಂಗ್‌ಗೆ ಸಂಬಂಧಿ ಕೂಡ. 1855ರಲ್ಲಿ ತೀರಿಕೊಂಡ್ರು. ಗಂಡನ ಕೆಲಸ ಅರ್ಧಕ್ಕೆ ನಿಂತು, ಮಕ್ಕಳನ್ನ ಕಟ್ಟಿಕೊಂಡು ಪರದೇಶದಲ್ಲಿ ಒಬ್ಬಳೇ ಆದ ಹೆಂಗಸು. ಆಮೇಲೆ ಮೊಗ್ಲಿಂಗ್ ಅವರನ್ನ ಮದುವೆಯಾಗಿ ಕೊಡಗಿಗೆ ಹೋದ್ರು.

ಇನ್ನೊಬ್ಬರು ಕಿಟ್ಟೆಲ್ ಅವರ ಮೊದಲ ಹೆಂಡತಿ ಪೌಲೀನೆ ಐಟ್. 1860ರಲ್ಲಿ ಮದುವೆ, 1864ರಲ್ಲಿ ಸಾವು. ಆಮೇಲೆ 1867ರಲ್ಲಿ ಅವರ ತಂಗಿ ಯೂಲಿಯೆಯನ್ನ ಕಿಟ್ಟೆಲ್ ಮದುವೆಯಾದ್ರು. 1877ರಲ್ಲಿ ಸಂಸಾರ ಸಮೇತ ಜರ್ಮನಿಗೆ ಹೋದವರು 1883ರಲ್ಲಿ ನಿಘಂಟಿಗೋಸ್ಕರ ವಾಪಸ್ ಬಂದ್ರು, 1892ರವರೆಗೆ ಇಲ್ಲೇ ಇದ್ರು, ಹೆಂಡತಿ ಮಕ್ಕಳು ಅಲ್ಲಿ. ಸುಮಾರು 70,000 ಪದಗಳ ನಿಘಂಟು ನಮಗೆ ಸಿಕ್ತು. ಅಷ್ಟು ವರ್ಷ ಮನೆ ನಡೆಸಿದ್ದು ಯೂಲಿಯೆ. ಕಿಟ್ಟೆಲ್ ಪ್ರತಿಮೆ ಮುಂದೆ ನಿಂತಾಗೆಲ್ಲ ನನಗೆ ಆ ಹೆಣ್ಣುಮಗಳ ನೆನಪು ಬರುತ್ತೆ.

ಸ್ಟುಟ್‌ಗಾರ್ಟ್_ಕನ್ನಡಿಗ:
ನಾನು ಇಲ್ಲಿ ಕೆಲಸಕ್ಕೆ ಬಂದು ನೆಲೆಸಿದವನು, ಈ ಮಿಶನರಿಗಳಲ್ಲಿ ಎಷ್ಟೋ ಜನ ಇದೇ ಸೀಮೆಯವರು ಅಂತ ಬಂದ ಮೇಲೆ ಗೊತ್ತಾಯ್ತು. ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇಲ್ಲಿಂದ ಹತ್ತಿರ, ಅವರು 1881ರಲ್ಲಿ ತೀರಿಕೊಂಡ ಎಸ್ಲಿಂಗನ್ ಅಂತೂ ಟ್ರೈನಲ್ಲಿ ಕೆಲವೇ ನಿಮಿಷ.

ಮಕ್ಕಳ ವಿಷಯ ಯಾರೂ ಹೇಳ್ಲಿಲ್ಲ, ಅದನ್ನ ನಾನು ಹೇಳ್ತೀನಿ, ಓದಿದಾಗ ನನಗೆ ನಿದ್ದೆ ಬರಲಿಲ್ಲ, ನನಗೂ ಚಿಕ್ಕ ಮಗಳಿದ್ದಾಳೆ. 1853ರಲ್ಲಿ ಕಮಿಟಿ ಒಂದು ನಿಯಮ ತಂತು. ಮಿಶನರಿಗಳ ಮಕ್ಕಳು ಶಾಲೆ ವಯಸ್ಸಿಗೆ ಬಂದ ತಕ್ಷಣ, ಅಂದ್ರೆ ಆರು ವರ್ಷದ ಹೊತ್ತಿಗೆ, ಯುರೋಪಿಗೆ ಕಳಿಸಬೇಕು. ಬಾಸೆಲ್‌ನಲ್ಲಿ ಅದಕ್ಕೇ ಅಂತ ಮಕ್ಕಳ ಮನೆ ಮಾಡಿದ್ರು, ಗಂಡು ಮಕ್ಕಳಿಗೆ ಬೇರೆ, ಹೆಣ್ಣು ಮಕ್ಕಳಿಗೆ ಬೇರೆ. ನಮ್ಮ ದೇಶದ ಬಿಸಿಲು, ಜ್ವರ, ಓದು ಅಂತ ಕಾರಣ ಕೊಟ್ರು, ಜೊತೆಗೆ ಅಲ್ಲಿನ ಆಳುಕಾಳುಗಳ ಜೊತೆ ಬೆಳೆದು ಅಲ್ಲಿಯವರಂತೇ ಆಗಿಬಿಡ್ತಾರೆ ಅನ್ನೋ ಭಯವೂ ಅವರಿಗಿತ್ತು. ಹಡಗು ಹತ್ತಿಸಿದ ಮಗುವನ್ನ ತಾಯಿ ಮತ್ತೆ ನೋಡೋದು ಹತ್ತು ವರ್ಷಕ್ಕೋ ಹದಿನೈದು ವರ್ಷಕ್ಕೋ, ಕೆಲವರಿಗೆ ಅದೂ ಇಲ್ಲ. ಅಲ್ಲಿ ಊರವರ ಮಕ್ಕಳಿಗೆ ಅನಾಥಾಲಯ ನಡೆಸಿ ತಲೆ ಬಾಚ್ತಿದ್ದ ಹೆಂಗಸರು, ತಮ್ಮ ಮಕ್ಕಳಿಗೆ ಕಾಗದದಲ್ಲಷ್ಟೇ ತಾಯಿ.

ಗುಂಡರ್ಟ್ ಸಂಸಾರ ನೋಡಿ. ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು, ತಲಶ್ಶೇರಿಯಲ್ಲಿದ್ದವರು. ಹೆಂಡತಿ ಯೂಲಿ ದ್ಯುಬ್ವಾ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡೋ ಕಡೆಯವರು, ಆ ಕಾಲಕ್ಕೇ ಹೆಣ್ಣುಮಕ್ಕಳ ಶಾಲೆ ನಡೆಸಿದವರು. ಇವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದ್ದು. ಈ ನಿಯಮ ಬರೋಕೆ ಮುಂಚೆನೇ ತೀರಾ ಚಿಕ್ಕವಳಿದ್ದಾಗ ಯುರೋಪಿನಲ್ಲಿ ಬಿಟ್ಟು ಬಂದ್ರು, ಅವಳು ವಾಪಸ್ ಬಂದಿದ್ದು 1857ರಲ್ಲಿ, ದೊಡ್ಡ ಹುಡುಗಿಯಾಗಿ. ಆಮೇಲೆ ಅವಳೂ ಮಿಶನರಿಯನ್ನೇ ಮದುವೆಯಾದಳು, ಅವರು ತೀರಿಕೊಂಡ ಮೇಲೆ 1874ರಲ್ಲಿ ಇನ್ನೊಬ್ಬ ಮಿಶನರಿ ಯೊಹಾನೆಸ್ ಹೆಸ್ಸೆಯನ್ನ ಮದುವೆಯಾದಳು. ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಎರಡು ತಲೆಮಾರು ನಮ್ಮ ಕರಾವಳಿಯ ಮಿಶನ್ ಕೆಲಸದಲ್ಲೇ ಕಳೆದ ಮನೆ ಅದು.

ತುಂಗಾ_ತೀರ:
ಎಲ್ಲಾ ಓದಿದೆ. ನಾನು ಸಭೆಗೆ ಸೇರಿದವಳಲ್ಲ, ಆದ್ರೂ ಒಂದು ಮಾತು ಹೇಳಬೇಕು ಅನ್ಸುತ್ತೆ, ಯಾರೂ ಬೇಜಾರು ಮಾಡ್ಕೋಬೇಡಿ. ಅವರ ಸಂಸಾರದ ನೋವು ಅರ್ಥ ಆಗುತ್ತೆ. ಅದೇ ರೀತಿ ಇಲ್ಲಿನ ಸಂಸಾರಗಳೂ ಒಡೆದವಲ್ಲ? ಹದಿಹರೆಯದ ಹುಡುಗ ಇಂಗ್ಲಿಷ್ ಕಲಿಯೋಕೆ ಅಂತ ಮಿಶನ್ ಶಾಲೆಗೆ ಹೋಗಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾದ್ರೆ ಅವನ ತಾಯಿ, ಅವನನ್ನ ಕಟ್ಟಿಕೊಂಡ ಚಿಕ್ಕ ಹುಡುಗಿ, ಇವರ ಗತಿ ಏನು? ಕುಟುಂಬಗಳ ಬಗ್ಗೆ ಮಾತಾಡೋದಾದ್ರೆ ಈ ತಾಯಂದಿರ ಬಗ್ಗೆನೂ ಮಾತಾಡಿ ಅಂತ ನನ್ನ ವಿನಂತಿ.

ಹಳೆ_ಕಡತ:
ನೀವು ಕೇಳಿದ್ದು ಸರಿಯಾಗೇ ಇದೆ ತಾಯಿ, ಇದನ್ನ ಬಿಟ್ಟು ಈ ಕಥೆ ಹೇಳೋಕೆ ಆಗಲ್ಲ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ ಆನಂದರಾವ್ ಕೌಂಡಿನ್ಯ ಮೊಗ್ಲಿಂಗ್ ಹತ್ತಿರ ದೀಕ್ಷಾಸ್ನಾನ ತಗೊಂಡಾಗ ಊರಿಗೆ ಊರೇ ಗದ್ದಲ ಎದ್ದಿತ್ತು. ಮನೆಯವರ ಪಾಲಿಗೆ ಅವನು ಸತ್ತಂತೆ. ಅವತ್ತಿನ ಲೆಕ್ಕದಲ್ಲಿ ಜಾತಿ ಹೋದವನಿಗೆ ಆಸ್ತಿಯಲ್ಲಿ ಹಕ್ಕೂ ಹೋಗ್ತಿತ್ತು, 1850ರ ಕಾಯ್ದೆ ಬಂದ ಮೇಲಷ್ಟೇ ಅದು ಬದಲಾಯ್ತು. ಆ ತಾಯಿಗೆ ಎಷ್ಟು ಸಂಕಟ ಆಗಿರಬೇಕು ಅನ್ನೋದನ್ನ ಮಿಶನ್ ವರದಿಗಳಲ್ಲಿ ಹುಡುಕಿದ್ರೆ ಸಿಗಲ್ಲ, ಅಲ್ಲಿ ಅದು ಬರೀ ಅಡ್ಡಿ ಅಂತ ಕಾಣುತ್ತೆ.

ಇದರ ಇನ್ನೊಂದು ಮಗ್ಗುಲೂ ಇದೆ. ಸಭೆಗೆ ಬಂದವರಲ್ಲಿ ಬ್ರಾಹ್ಮಣರು ಬೆರಳೆಣಿಕೆ, ಬಿಲ್ಲವರು ಮತ್ತೆ ಅಸ್ಪೃಶ್ಯತೆ ಅನುಭವಿಸಿದ ಜಾತಿಯವರೇ ಹೆಚ್ಚು. ಒಡೆಯರ ಹೊಲದಲ್ಲಿ ಕೆಲಸ ತಪ್ಪುತ್ತೆ, ಗೇಣಿ ಹೋಗುತ್ತೆ. ಮೂರ್ತೆ (ಮರದಿಂದ ಕಳ್ಳು ಇಳಿಸೋ ಕೆಲಸ) ಮಾಡ್ತಿದ್ದ ಬಿಲ್ಲವ ಸಭೆಗೆ ಸೇರಿದ ಮೇಲೆ ಆ ಕಸುಬು ಬಿಡಬೇಕು. ಮತ್ತೆ ಹೊಟ್ಟೆಗೇನು? ನೇಯ್ಗೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಇವೆಲ್ಲ ಶುರುವಾಗಿದ್ದೇ ಈ ಕಷ್ಟದಿಂದ. ಎಷ್ಟೋ ಮನೆಗಳಿಗೆ ಅಕ್ಷರ, ಸಂಬಳ, ಎದೆ ಮೇಲೆ ಸೆರಗು ಹೊದ್ದು ಬೀದಿಯಲ್ಲಿ ನಡೆಯೋ ಧೈರ್ಯ ಬಂದಿದ್ದು ಹೀಗೆ. ಎರಡೂ ನಿಜ, ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ತುಂಗಾ_ತೀರ:
ಒಪ್ಪಿದೆ ಸರ್. ಆ ಆನಂದರಾವ್ ಆಮೇಲೆ ಏನಾದ್ರು?

ಸ್ಟುಟ್‌ಗಾರ್ಟ್_ಕನ್ನಡಿಗ:
ಅಕ್ಕ ಅವರ ಕಥೆ ನಾನು ಹೇಳ್ತೀನಿ, ನನಗೆ ಭಾಳ ಇಷ್ಟವಾದ ವ್ಯಕ್ತಿ. 1846ರಲ್ಲಿ ಮೊಗ್ಲಿಂಗ್ ಊರಿಗೆ ಹೋಗುವಾಗ ಆನಂದರಾವ್‌ನೂ ಕರ್ಕೊಂಡು ಬಂದ್ರು. ಬಾಸೆಲ್ ಸೆಮಿನರಿಯಲ್ಲಿ ಇಲ್ಲಿನ ಹುಡುಗರ ಜೊತೆಗೇ ಕೂತು ಓದಿ, ಜರ್ಮನ್ ಕಲಿತು, 1851ರಲ್ಲಿ ಪಾದ್ರಿ ಪಟ್ಟ ಪಡೆದು ಮಂಗಳೂರಿಗೆ ವಾಪಸ್ ಆದ್ರು. ಅಂದ್ರೆ ಈಗ ನಮ್ಮ ಹುಡುಗರು ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಬರ್ತಾರಲ್ಲ, ಅದಕ್ಕಿಂತ ನೂರೈವತ್ತು ವರ್ಷ ಮೊದಲೇ ಮಂಗಳೂರಿನ ಒಬ್ಬ ಹುಡುಗ ಈ ಚಳಿಯಲ್ಲಿ ಸತ್ಯವೇದ ಓದ್ತಾ ಕೂತಿದ್ದ, ಊರಿಂದ ಒಂದು ಕಾಗದವೂ ಬರುತ್ತೋ ಇಲ್ವೋ, ಮನೆಯವರಂತೂ ಕೈಬಿಟ್ಟಿದ್ರು, ಇದನ್ನ ನೆನೆಸಿಕೊಂಡ್ರೇ ಮೈ ಜುಮ್ಮೆನ್ನುತ್ತೆ.

ಮೊದಲ ಹೆಂಡತಿ ತೀರಿಕೊಂಡ ಮೇಲೆ 1860ರಲ್ಲಿ ಅವರು ಮದುವೆಯಾಗಿದ್ದು ಮರಿ ರೈನ್‌ಹಾರ್ಟ್ ಅನ್ನೋ ಜರ್ಮನ್ ಹುಡುಗಿಯನ್ನ. ಎಲ್ಲಾ ಮಿಶನ್ ವಧುಗಳ ಹಾಗೆ ಅವರೂ ಹಡಗಿನಲ್ಲಿ ಬಂದ್ರು, ಆದ್ರೆ ಅಲ್ಲಿ ಕಾಯ್ತಿದ್ದ ವರ ಕೊಂಕಣಿ ಮಾತಾಡೋ ಮಂಗಳೂರಿನವರು. 1857ರ ದಂಗೆ ಆಗಿ ಮೂರೇ ವರ್ಷ. ಆ ಕಾಲದಲ್ಲಿ ಇದು ಎರಡೂ ಕಡೆ ಎಷ್ಟು ಜನರ ಹುಬ್ಬೇರಿಸಿರಬಹುದು ನೀವೇ ಯೋಚಿಸಿ.

ಕಾಫಿ_ಹೂ:
ಕೊಡಗಿನವರು ನಾವು, ಇದಕ್ಕೆ ಸೇರಿಸ್ತೀನಿ. ಅಮ್ಮತ್ತಿ ಸಿದ್ದಾಪುರ ಕಡೆ ಆನಂದಪುರ ಅಂತ ಊರಿದೆ, ಇದೇ ಆನಂದರಾವ್ ಹೆಸರಿನ ಊರು. 1853ರಲ್ಲಿ ಅಳಮಂಡ ಸೋಮಯ್ಯ ಅನ್ನೋ ಕೊಡವರು ಮಂಗಳೂರಿಗೆ ಹೋಗಿ ದೀಕ್ಷಾಸ್ನಾನ ತಗೊಂಡಾಗ ಮೊಗ್ಲಿಂಗ್ ಅವರ ಜೊತೆಗೇ ಕೊಡಗಿಗೆ ಬಂದವರು, ಆಮೇಲೆ ಇಲ್ಲೇ ಉಳಿದ್ರು. ಇಲ್ಲಿ ಗದ್ದೆ ಕೆಲಸಕ್ಕೆ ಜೀತ ಇದ್ದ ಹೊಲೆಯರ ಕುಟುಂಬಗಳು ಸಭೆಗೆ ಬಂದಾಗ ಅವರಿಗೆ ನಿಲ್ಲೋಕೆ ನೆಲ ಬೇಕಾಯ್ತು, ಹಾಗೆ ಜಮೀನು ಮಾಡಿ ಕಟ್ಟಿದ ಊರು. ಕೊಡಗಿನ ಬಗ್ಗೆ ಮೊಗ್ಲಿಂಗ್ 1855ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದೂ ಈ ಓಡಾಟದಲ್ಲೇ. ಪೌಲೀನೆಯವರೂ ಇಲ್ಲೇ ಸಂಸಾರ ಮಾಡಿದವರು, ಮಳೆಗಾಲದಲ್ಲಿ ಇಲ್ಲಿನ ಕಾಡು ಆಗ ಹೇಗಿತ್ತೋ, ಜಿಗಣೆ, ಜ್ವರ. 1860ರಲ್ಲಿ ಅವರು ದೇಶಕ್ಕೆ ಹೋದ್ರು. ಊರು ಈಗಲೂ ಇದೆ, ಸಭೆಯೂ ಇದೆ.

ಬೆಟಗೇರಿ_ಓಣಿ:
ಎಲ್ಲಾರ್ಗೂ ನಮಸ್ಕಾರ್ರಿ. ನೀವೆಲ್ಲಾ ಮಂಗ್ಳೂರು ಕೊಡಗು ಅಂತೀರಿ, ನಮ್ಮ ಉತ್ತರ ಕರ್ನಾಟಕದ ಮಾತು ಯಾರೂ ತಗೀಲಿಲ್ಲ. ಧಾರವಾಡಕ್ಕ 1837ರಾಗ ಬಂದಾರ, ಹುಬ್ಬಳ್ಳಿಗೆ 1839, ನಮ್ಮ ಬೆಟಗೇರಿಗೆ 1841. ಮಲಸಮುದ್ರದಾಗ ಒಕ್ಕಲುತನದ ಒಂದು ವಸಾಹತು ಮಾಡಿ ನೋಡಿದ್ರು, ಅದು ನಡೀಲಿಲ್ಲ, ಹತ್ತು ವರ್ಷದಾಗ ಮುಗೀತು.

ನಾ ಹೇಳೂದು ಏನಂದ್ರ, ಜರ್ಮನ್ ಸಂಸಾರಗಳ ತ್ಯಾಗ ದೊಡ್ಡದು, ಅದನ್ನ ನಾ ಸಣ್ಣದ ಮಾಡಾಂಗಿಲ್ಲ, ಆದ್ರ ಸಭಾ ನಡೆಸಿದವ್ರು ಯಾರ್ರಿ? ಉಪದೇಶಿಗಳು! ಸೆಮಿನರಿಯಾಗ ಕಲ್ತು ಬಂದ ಹುಡುಗ್ರು. ಸಾಹೇಬ್ರು ಬಂಗಲೇದಾಗ ಇದ್ದು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಚಕ್ಕಡಿ ಕಟ್ಟಿಸ್ಕೊಂಡು ಬರೋರು, ದಿನಾ ಹಳ್ಳಿ ಹಳ್ಳಿ ಅಡ್ಡಾಡಿ, ಬೈಸ್ಕೊಂಡು, ಸಾಲಿ ಕಲಿಸಿ, ಸತ್ತವ್ರನ್ನ ಮಣ್ಣು ಮಾಡಿ, ಜಗಳಾ ಬಗಿಹರಿಸಿ, ಸಭಾ ಉಳಿಸಿದವ ಉಪದೇಶಿ. ಅವನ ಹೆಂಡ್ತಿ ಹೆಣ್ಮಕ್ಕಳಿಗೆ ಸತ್ಯವೇದ ಓದಿ ಹೇಳಾಕಿ. ಅವ್ರ ಮಕ್ಕಳೂ ಊರೂರು ವರ್ಗಾ ಆಗಿ ಬೆಳದ್ವು. ಅದೂ ಮಿಶನರಿ ಕುಟುಂಬನ ಅಲ್ಲೇನ್ರಿ? ನಮ್ಮ ಅಜ್ಜಾರ ಕಾಲದ ಉಪದೇಶಿಗಳ ಹೆಸರು ಒಂದು ಪುಸ್ತಕದಾಗೂ ನನಗ ಸಿಕ್ಕಿಲ್ಲ, ಸಮಾಧಿ ಕಲ್ಲಿನ ಮ್ಯಾಲಷ್ಟ ಅದಾವ.

ಬಲ್ಮಠ_ಗುಡ್ಡೆ:
ಅಣ್ಣಾ, ನೀವು ಹೇಳಿದ್ದನ್ನ ಓದಿ ನನ್ನ ಭಾಷಣದ ದಾರಿಯೇ ಬದಲಾಯ್ತು. ನಮ್ಮ ದೊಡ್ಡಮ್ಮನ ಮನೆಯವರೂ ಉಪದೇಶಿಗಳೇ, ಅವರನ್ನ ಮಿಶನರಿ ಅಂತ ನಾವು ಯಾವತ್ತೂ ಕರೆದದ್ದೇ ಇಲ್ಲ. ಸೆಮಿನರಿಯಲ್ಲಿ ಅವರಿಗೆ ಏನು ಕಲಿಸ್ತಿದ್ರು ಅಂತ ಯಾರಿಗಾದ್ರೂ ಗೊತ್ತುಂಟಾ?

ಸೆಮಿನರಿ_ಹಾಸ್ಟೆಲ್:
ನಾನು ಮಂಗಳೂರಿನ ಬಲ್ಮಠದಲ್ಲಿ ಬಿ.ಡಿ. (ಥಿಯಾಲಜಿ ಪದವಿ) ಓದ್ತಾ ಇದ್ದೇನೆ ಅಕ್ಕ. ಬಲ್ಮಠ ಗುಡ್ಡೆಯ ಜಾಗ ಮಿಶನ್‌ಗೆ ಕೊಟ್ಟದ್ದು ಆಗಿನ ಕಲೆಕ್ಟರ್ ಬ್ಲೇರ್, 1840ರಲ್ಲಿ. ಮೊಗ್ಲಿಂಗ್ ಹುಡುಗರ ಜೊತೆಗೇ ವಾಸ, ಅವರ ಜೊತೆಗೇ ಊಟ, ಬೇರೆ ಮಿಶನರಿಗಳಿಗೆ ಅದು ಅಷ್ಟು ಸರಿ ಬರ್ತಿರಲಿಲ್ಲ. 1847ರಲ್ಲಿ ಉಪದೇಶಿಗಳ ತರಬೇತಿಗೆ ಅಂತ ಸೆಮಿನರಿ ಶುರುವಾಯ್ತು, ಈಗಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಮೂಲ ಅದೇ. ತುಮಕೂರಿನ ಸೆಮಿನರಿ ಬಂದು ಸೇರಿದ್ದು 1965ರಲ್ಲಿ.

ಸತ್ಯವೇದ ಮಾತ್ರ ಓದಿಸ್ತಿದ್ದದ್ದಲ್ಲ. ಮೊಗ್ಲಿಂಗ್‌ಗೆ ಕನ್ನಡ ಕಾವ್ಯದ ಹುಚ್ಚು ಎಷ್ಟಿತ್ತು ಅಂದ್ರೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಇವನ್ನೆಲ್ಲ ಇಲ್ಲೇ ಕಲ್ಲಚ್ಚಿನಲ್ಲಿ ತೆಗೆಸಿದ್ರು, ದುಡ್ಡು ಕೊಟ್ಟವರು ನೀಲಗಿರಿಯಲ್ಲಿದ್ದ ಕ್ಯಾಸಮೇಜರ್ ಅನ್ನೋ ರಿಟೈರ್ಡ್ ಜಡ್ಜ್. ಬಂದ ಪಂಡಿತರು, ಮುನ್ಶಿಗಳು, ಅಚ್ಚುಕೂಟದ ಕೆಲಸದವರು, ಓದೋ ಹುಡುಗರು ಎಲ್ಲ ಒಂದೇ ಗುಡ್ಡೆಯ ಮೇಲೆ ಇದ್ದವರು. ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನ ಕನ್ನಡ ಛಂದಸ್ಸಿನಲ್ಲಿ ಬರೆದದ್ದು ಕಥಾಮಾಲೆ ಅಂತ. ದೇವರ ಮಾತು ಜನರ ಕಿವಿಗೆ ಹತ್ತಬೇಕಾದ್ರೆ ಅವರ ಹಾಡಿನ ಮಟ್ಟಿನಲ್ಲೇ ಇರಬೇಕು ಅನ್ನೋದು ಅವರಿಗೆ ಗೊತ್ತಿತ್ತು. ನನಗೆ ಇವತ್ತು ಕನ್ನಡದಲ್ಲೇ ಥಿಯಾಲಜಿ ಓದೋಕೆ ಸಿಕ್ಕಿದೆ, ಹಳ್ಳಿಯಿಂದ ಬಂದ ನನ್ನಂಥವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಾಯಲ್ಲಿ ಹೇಳೋಕೆ ಬರೋದಿಲ್ಲ.

ಬೆಟಗೇರಿ_ಓಣಿ:
ತಮ್ಮಾ ಛಲೋ ಹೇಳಿದಿ. ಈಗ ನಾ 1914ರ ಮಾತು ಹೇಳ್ತೀನಿ, ನನ್ನ ಮಾತಿಗೆ ಸಾಕ್ಷಿ ಅಲ್ಲೇ ಅದ. ಯುದ್ಧ ಶುರು ಆತು, ಜರ್ಮನ್‌ರು ಅಂದ್ರ ಬ್ರಿಟಿಷ್ ಸರಕಾರಕ್ಕ ವೈರಿಗಳು. ಗಂಡಸ್ರನ್ನ ಅಹ್ಮದ್‌ನಗರದ ಕ್ಯಾಂಪಿಗೆ ಒಯ್ದು ಕೂಡಿ ಹಾಕಿದ್ರು, ಬೆಳಗಾವಿಯಾಗ ಹೆಂಗಸ್ರು ಮಕ್ಕಳಿಗೆ ಅಂತ ಕ್ಯಾಂಪ್ ಇತ್ತು. 1915-16ರಾಗ ಗೋಲ್ಕೊಂಡಾ ಅನ್ನೂ ಹಡಗಿನಾಗ ತುಂಬಿ ವಾಪಸ್ ಕಳಿಸಿದ್ರು. ಎಂಬತ್ತು ವರ್ಷ ಕಟ್ಟಿದ ಶಾಲಿ, ಸಭಾ, ಕಾರ್ಖಾನಿ ಎಲ್ಲಾ ಬಿಟ್ಟು ಹೋಗೂದು, ಎಷ್ಟೋ ಮಂದಿ ಹುಟ್ಟಿದ್ದೂ ಇಲ್ಲೇ, ಹೆಂಡ್ತಿ ಮಕ್ಕಳ ಗೋರಿ ಇರೂದೂ ಇಲ್ಲೇ. ಹಂಚಿನ ಕಾರ್ಖಾನಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೂ ಕಂಪನಿ ಕೈಗೆ ಹೋತು.

ಸಭಾ ಮುಚ್ಚಲಿಲ್ರಿ! ಸ್ವಿಟ್ಜರ್ಲೆಂಡಿನಾಗ ಕ್ಯಾನರೀಸ್ ಇವ್ಯಾಂಜಲಿಕಲ್ ಮಿಶನ್ ಅಂತ ಹೊಸಾದು ಹುಟ್ಟಿ ಕೈ ಹಿಡೀತು, ಖರೆ, ಆದ್ರ ಐತವಾರ ಬೆಳಿಗ್ಗೆ ಗಂಟಿ ಬಾರಿಸಿ ಬಾಗಲಾ ತಗದವ್ರು ನಮ್ಮ ಅಯ್ಯನವ್ರು (ಪಾದ್ರಿಗಳು), ನಮ್ಮ ಉಪದೇಶಿಗಳು, ಸಂಬಳ ಬಂದ್ರೂ ಬರದಿದ್ರೂ. ಅಷ್ಟು ದಿನಾ ಸಣ್ಣ ಸಣ್ಣದಕ್ಕೂ ಬಾಸೆಲ್ ಕಮಿಟಿ ಅಪ್ಪಣೆ ಕಾಯ್ತಿದ್ದ ಸಭಾ ಒಮ್ಮೆಲೇ ತನ್ನ ಕಾಲ ಮ್ಯಾಲೆ ನಿಂದ್ರಬೇಕಾತು, ನಿಂತ್ವು.

ಹಳೆ_ಕಡತ:
ಬೆಟಗೇರಿಯವರ ಮಾತನ್ನ ನಾನು ಪೂರ್ತಿ ಒಪ್ಪುತ್ತೀನಿ. ಒಂದು ಸೇರಿಸ್ತೀನಿ, ಆ ಹೊಸ ಕಾಲದಲ್ಲಿ ಹೆಂಗಸರು ಹೆಂಡತಿಯಾಗಿ ಮಾತ್ರ ಬರೋ ಪದ್ಧತಿಯೂ ಸಡಿಲ ಆಗಿತ್ತು. ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆ ಶುರು ಮಾಡಿದ ಡಾ. ಈವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಡಾಕ್ಟರಾಗಿ ಬಂದವರು, ಯಾರ ಹೆಂಡತಿಯಾಗಿಯೂ ಅಲ್ಲ. ಈಗಲೂ ಉಡುಪಿಯವರು ಮಿಶನ್ ಆಸ್ಪತ್ರೆ ಅಂತಾರಲ್ಲ, ಅದೇ ಲೊಂಬಾರ್ಡ್ ಮೆಮೋರಿಯಲ್. ಎಷ್ಟೋ ಮನೆಗಳ ಹೆರಿಗೆ ಅಲ್ಲೇ ಆಗಿರೋದು.

ಬಲ್ಮಠ_ಗುಡ್ಡೆ:
ನಮ್ಮ ಅಮ್ಮ ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ ಸರ್! ಎಲ್ರಿಗೂ ತುಂಬಾ ಉಪಕಾರ ಆಯ್ತು. ನಾನು ಹೀಗೆ ಮಾಡ್ತೇನೆ: ಮೊದಲು ಇಬ್ಬರು ಪೌಲೀನೆಯರು ಮತ್ತೆ ಯೂಲಿಯೆ, ಆಮೇಲೆ ಮಕ್ಕಳ ಮನೆ, ಆಮೇಲೆ ಆನಂದರಾವ್ ಮತ್ತೆ ಅವರನ್ನ ಕಳೆದುಕೊಂಡ ತಾಯಿ (ತುಂಗಾ ಅಕ್ಕ, ಅವರನ್ನ ಖಂಡಿತ ಬಿಡೋದಿಲ್ಲ), ಉಳಿದ ಅರ್ಧ ಗಂಟೆ ಪೂರಾ ಉಪದೇಶಿಗಳ ಮನೆಯವರಿಗೆ. ಸಭೆಯ ಹಿರಿಯರು ಕೂತಲ್ಲಿಂದಲೇ ಅವರವರ ಮನೆಯ ಉಪದೇಶಿಗಳ ಹೆಸರು ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಬೆಟಗೇರಿ ಅಣ್ಣ, ನಿಮ್ಮಲ್ಲಿನ ಸಮಾಧಿ ಕಲ್ಲುಗಳ ಫೋಟೋ ಉಂಟಾ?

ಬೆಟಗೇರಿ_ಓಣಿ:
ಈ ಐತವಾರ ಆರಾಧನಿ ಮುಗಿದ ಮ್ಯಾಲೆ ತಗದು ಹಾಕ್ತೀನಿ ತಂಗಿ. ಕೆಲವು ಕಲ್ಲಿನ ಮ್ಯಾಲಿನ ಅಕ್ಷರ ಅಳಿಸ್ಯಾವ, ನೀರು ಹಾಕಿ ಒರಸಿದ್ರ ಕಾಣ್ತಾವ.

ಸೆಮಿನರಿ_ಹಾಸ್ಟೆಲ್:
ಅಕ್ಕ, ನಮ್ಮ ಕಾಲೇಜಿನ ಆರ್ಕೈವ್ಸ್‌ನಲ್ಲಿ ಹಳೇ ಸಭೆಗಳ ಕಾಗದಪತ್ರ ಉಂಟು, ಮೊದಲೇ ಪತ್ರ ಬರೆದು ಅನುಮತಿ ತಗೊಂಡು ಬನ್ನಿ. ಬಾಸೆಲ್‌ನ ಆರ್ಕೈವ್ಸ್ ಈಗ ಮಿಶನ್ 21 ಅನ್ನೋ ಸಂಸ್ಥೆ ನೋಡ್ಕೊಳ್ತದೆ, ಹಳೇ ಫೋಟೋಗಳನ್ನ ಇಂಟರ್ನೆಟ್ಟಿಗೆ ಹಾಕಿದ್ದಾರೆ, ಊರಿನ ಹೆಸರು ಹಳೇ ಸ್ಪೆಲ್ಲಿಂಗಲ್ಲಿ ಹಾಕಿ ಹುಡುಕಿ, ಮಂಗಳೂರಿಗೆ ಬೇರೆ, ಬೆಟಗೇರಿಗೆ ಬೇರೆ ಬೇರೆ ಥರ ಬರೆದದ್ದುಂಟು. ಫೋಟೋ ಕೆಳಗೆ ಮಿಶನರಿ ಹೆಸರು ಇರ್ತದೆ, ಪಕ್ಕದಲ್ಲಿ ನಿಂತ ನಮ್ಮವರದ್ದು ಎಷ್ಟೋ ಸಲ ಬರೀ ಉಪದೇಶಿ ಅಂತ ಮಾತ್ರ. ನಿಮ್ಮ ಹಿರಿಯರು ಯಾರಾದ್ರೂ ಗುರುತು ಹಿಡಿದ್ರೆ ಅವರಿಗೆ ಬರೆದು ತಿಳಿಸಬಹುದು.

ಸ್ಟುಟ್‌ಗಾರ್ಟ್_ಕನ್ನಡಿಗ:
ಹಳೇ ಪತ್ರಗಳೆಲ್ಲ ಹಳೇ ಜರ್ಮನ್ ಕೈಬರಹದಲ್ಲಿರೋದು, ಅದನ್ನ ಈಗಿನ ಜರ್ಮನ್ನರೇ ಓದಲಾರರು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಓದೋಕೆ ಬರುತ್ತೆ, ನಾನು ಕೇಳಿದೆ, ಖುಷಿಯಿಂದ ಒಪ್ಪಿದ್ದಾರೆ. ಉಪದೇಶಿಗಳ ಹೆಸರಿರೋ ಪುಟ ಯಾವುದಾದ್ರೂ ಸಿಕ್ರೆ ಫೋಟೋ ತೆಗೆದು ಇಲ್ಲೇ ಹಾಕಿ, ಅವರ ಹತ್ರ ಓದಿಸಿ ಕನ್ನಡದಲ್ಲಿ ಬರೆದು ಕೊಡ್ತೀನಿ. ಕಾರ್ಯಕ್ರಮ ಯಾವತ್ತು ಅಂತ ಹೇಳಿ, ಅದಕ್ಕೆ ಮುಂಚೆ ಎಷ್ಟಾಗುತ್ತೋ ಅಷ್ಟು ಮುಗಿಸೋಣ.